ಮೂರು ಬಂದರು, ಒಂದು ಕಡತ

ನಮ್ಮ ಕಚೇರಿಯ ಪಟ್ಟಿಯ ಪ್ರಕಾರ ಒಂದು ದಿನ ಭಟ್ಕಳದ ಸಣ್ಣ ದೋಣಿಯೊಂದರಲ್ಲಿ ಇನ್ನೂರು ಜನ ಕಡಲಿಗೆ ಹೋಗಿದ್ದರು. ಆ ಪಟ್ಟಿ ಮಾಡಿದವಳು ನಾನೇ. ನಿಜವಾಗಿ ಹೋದವರು ಆರು ಜನ. ಇನ್ನೂರು ಎಂಬುದು ದೋಣಿಗೆ ತುಂಬಿಸಿದ ಡೀಸೆಲ್ಲಿನ ಲೀಟರು. ಜಿಲ್ಲಾ ಕಚೇರಿಯವರು ಫೋನ್ ಮಾಡಿ, ಇನ್ನೂರು ಜನರನ್ನು ಹೇಗೆ ಕೂರಿಸಿದಿರಿ ಎಂದು ಕೇಳಿದಾಗ ನನಗೆ ನೆಲ ಬಾಯಿಬಿಡಬಾರದೇ ಅನ್ನಿಸಿತ್ತು. ಈಗ ಈ ಕೆಲಸಕ್ಕೆ ಸೇರುವ ಹುಡುಗಿಯರು ಕೆಲವರು ನನ್ನ ಮನೆಗೆ ಬಂದು, ಆಗೆಲ್ಲ ನೀವು ಹೇಗೆ ಮಾಡುತ್ತಿದ್ದಿರಿ ಎಂದು ಕೇಳುತ್ತಾರೆ. ಅವರಿಗೆ ನಾನು ಮೊದಲು ಹೇಳುವುದು ಈ ಇನ್ನೂರು ಜನರ ಕತೆಯನ್ನೇ. ನನ್ನ ಬಾಳಿನ ದೊಡ್ಡ ಖುಷಿ ಅಲ್ಲಿಂದಲೇ ಶುರುವಾಯಿತು.

ನಾನು ಲಲಿತಾ ನಾಯ್ಕ, ಶಿರಾಲಿಯವಳು. ಹೊನ್ನಾವರದಲ್ಲಿ ಮೂರು ತಾಲ್ಲೂಕಿನ ಮೀನುಗಾರಿಕೆ ದೋಣಿಗಳದೊಂದು ಒಕ್ಕೂಟ ಇತ್ತು. ಬಸ್ ಸ್ಟ್ಯಾಂಡಿನ ಎದುರಿನ ಕಟ್ಟಡದ ಮಹಡಿಯ ಮೇಲೆ ಅದರ ಕಚೇರಿ. ನಾನು ಸೇರಿದ್ದು ಟೈಪಿಸ್ಟ್ ಆಗಿ. ತೊಂಬತ್ತರ ದಶಕದ ಕೊನೆಗೆ ಟೈಪ್‌ರೈಟರ್ ಹೋಗಿ ಆ ಜಾಗಕ್ಕೆ ಕಂಪ್ಯೂಟರ್ ಬಂತು. ಅದರ ಮುಂದೆ ಕೂರಲು ಮತ್ತಾರೂ ಒಪ್ಪದ್ದರಿಂದ ನಾನು ಕೂತೆ. ನಮ್ಮ ಕಡೆ ಶಾಲೆಯಲ್ಲಿ ಕಲಿಸುವ ಹೆಂಗಸರನ್ನು ಅಕ್ಕೋರು ಎನ್ನುತ್ತಾರೆ. ಕಂಪ್ಯೂಟರ್ ಮುಂದೆ ಕೂತ ತಪ್ಪಿಗೆ ಬಂದರಿನವರೆಲ್ಲ ನನ್ನನ್ನೂ ಅಕ್ಕೋರು ಎಂದು ಕರೆಯತೊಡಗಿದರು.

ಕೆಲಸ ಹೇಳುವುದಕ್ಕೆ ಸುಲಭ. ದಿನಾ ಯಾವ ದೋಣಿ ಎಷ್ಟು ಜನರೊಂದಿಗೆ ಹೊರಟಿತು, ಯಾವುದು ಮರಳಿತು ಎಂಬ ಪಟ್ಟಿ ಮಾಡುವುದು. ಭಟ್ಕಳ ತಾಲ್ಲೂಕಿನ ಪಟ್ಟಿ ತೆಂಗಿನಗುಂಡಿಯಿಂದ, ಹೊನ್ನಾವರದ್ದು ಹೊಳೆಯಾಚೆಯ ಕಾಸರಕೋಡಿನಿಂದ, ಕುಮಟಾದ್ದು ತದಡಿಯಿಂದ ಬರಬೇಕು. ಮೂರನ್ನೂ ಕೂಡಿಸಿ ಒಂದು ಪಟ್ಟಿ ಮಾಡಬೇಕು, ಏಕೆಂದರೆ ಗಾಳಿ ತಿರುಗಿದರೆ ತದಡಿಯ ದೋಣಿ ಕಾಸರಕೋಡಿಗೆ ನುಗ್ಗುತ್ತದೆ, ತೆಂಗಿನಗುಂಡಿಯದು ಇನ್ನೆಲ್ಲೋ ಲಂಗರು ಹಾಕುತ್ತದೆ. ಮನೆಯವರು ತಮ್ಮ ಬಂದರಿಗೆ ಬಂದು ನೋಡಿ ಎದೆ ಬಡಿದುಕೊಳ್ಳುತ್ತಿರುತ್ತಾರೆ, ಅತ್ತ ಗಂಡಸರು ಬೇರೆ ಊರಿನ ಹೋಟೆಲಿನಲ್ಲಿ ಚಹಾ ಕುಡಿಯುತ್ತಿರುತ್ತಾರೆ. ಮೊದಲೆಲ್ಲ ಫೋನಿನಲ್ಲಿ ಕೂಗಿ ಹೇಳುವುದು, ರಿಜಿಸ್ಟರಿನಲ್ಲಿ ಬರೆಯುವುದು. ಆಮೇಲೆ ಮೂರೂ ಕಡೆ ಕಂಪ್ಯೂಟರ್ ಬಂತು, ಬಸ್ಸಿನ ಕಂಡಕ್ಟರ್ ಕೈಯಲ್ಲಿ ಫ್ಲಾಪಿ ಬರತೊಡಗಿತು. ಆಗ ಗೊತ್ತಾಯಿತು, ಮೂರು ಕಡೆಯೂ ಮೂರು ರೀತಿ. ಒಬ್ಬರು ಮೊದಲು ದೋಣಿಯ ಹೆಸರು ಬರೆದರೆ ಇನ್ನೊಬ್ಬರು ಮೊದಲು ಮಾಲೀಕರ ಹೆಸರು. ನಾನು ಒಂದು ನಿಯಮ ಮಾಡಿದೆ. ದೋಣಿ, ಮಾಲೀಕ, ಡೀಸೆಲ್, ಜನ, ಇದೇ ಸಾಲಿನಲ್ಲಿ ಬರೆದು ನಡುವೆ ಅಲ್ಪವಿರಾಮ ಹಾಕಿ ಕಳಿಸಿ ಎಂದು ಎಲ್ಲರಿಗೂ ಹೇಳಿದೆ.

ತೆಂಗಿನಗುಂಡಿಯ ಗುಮಾಸ್ತ ಶಿಸ್ತಿನ ಮನುಷ್ಯ. ಮಾಲೀಕರ ಹೆಸರನ್ನು ಸರ್ಕಾರಿ ಕಾಗದದಲ್ಲಿ ಬರೆಯುವ ಹಾಗೆ 'ನಾಯ್ಕ, ತಿಮ್ಮಪ್ಪ' ಎಂದು ಬರೆದ. ಆ ಒಂದು ಅಲ್ಪವಿರಾಮಕ್ಕೆ ಸಾಲೆಲ್ಲ ಒಂದು ಮನೆ ಆಚೆ ಸರಿಯಿತು. ಡೀಸೆಲ್ಲಿನ ಜಾಗದಲ್ಲಿ ತಿಮ್ಮಪ್ಪ ಬಂದ, ಜನರ ಜಾಗದಲ್ಲಿ ಇನ್ನೂರು ಬಂತು, ಆರು ಜನ ಸಾಲಿನಿಂದಲೇ ಹೊರಗೆ ಬಿದ್ದರು.

ನಮ್ಮ ಕಾರ್ಯದರ್ಶಿ ಶಾನಭಾಗ ಸಾಹೇಬರು ನನ್ನನ್ನು ಕರೆದು ಬೈಯುತ್ತಾರೆ ಎಂದುಕೊಂಡಿದ್ದೆ. ಅವರು ಕೆಂಪು ಶಾಯಿಯ ಪೆನ್ನಿನ ಮನುಷ್ಯ. ಕಚೇರಿಯಿಂದ ಹೊರಗೆ ಹೋಗುವ ಯಾವ ಹಾಳೆಯನ್ನೂ ತಿದ್ದದೆ ಬಿಟ್ಟವರಲ್ಲ. ಆ ದಿನ ಮಾತ್ರ ಪಟ್ಟಿಯನ್ನು ಬಹಳ ಹೊತ್ತು ನೋಡಿ, ಇದರಲ್ಲಿ ಯಾವುದು ಏನು ಎಂದು ಈ ಕಾಗದ ತಾನೇ ಹೇಳುವುದಿಲ್ಲವಲ್ಲ, ಅದು ಇದರ ರೋಗ ಎಂದರು. ಮಂಗಳೂರಿನಲ್ಲಿ ಐದು ದಿನದ ತರಬೇತಿ ಇದೆಯೆಂದು ಬಂದಿದ್ದ ಪತ್ರವನ್ನು ನನ್ನ ಕಡೆ ತಳ್ಳಿದರು.

ಆ ತರಬೇತಿಯ ಮೂರನೆಯ ದಿನ ನನಗೆ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಕಲಿಸುವವರು ಕರಿಹಲಗೆಯ ಮೇಲೆ ಸೀಮೆಸುಣ್ಣದಿಂದ ಎರಡು ಕೋನ ಚಿಹ್ನೆ ಬರೆದು ಅದರೊಳಗೆ ಒಂದು ಪದ ಇಟ್ಟರು. ಆಮೇಲೆ ಅದರ ಮಾಹಿತಿ, ಮತ್ತೆ ಕೋನ ಚಿಹ್ನೆಯಲ್ಲಿ ಅದೇ ಪದ, ಈ ಸಲ ಮುಂದೊಂದು ಓರೆಗೆರೆ. ಇದಕ್ಕೆ ಎಕ್ಸ್‌ಎಂಎಲ್ ಎನ್ನುತ್ತಾರೆ, ಮಾಹಿತಿಯ ಪ್ರತಿಯೊಂದು ತುಂಡಿಗೂ ಅದರ ಹೆಸರನ್ನು ಅಂಟಿಸಿಯೇ ಕಳಿಸುವ ಪದ್ಧತಿ ಎಂದರು. ಮೊದಲು ಯಾವುದು ಬಂತು, ಆಮೇಲೆ ಯಾವುದು ಬಂತು ಎಂಬುದು ಮುಖ್ಯವಲ್ಲ, ಹೆಸರು ಜೊತೆಗೇ ಇರುತ್ತದೆ ಎಂದರು. ಉಳಿದವರು ಬರೆದುಕೊಳ್ಳುತ್ತಿದ್ದರು. ನನಗೆ ಮಾತ್ರ ಇನ್ನೂರು ಜನರಿಗೆ ಮದ್ದು ಸಿಕ್ಕಿತ್ತು. ಮರಳುವಾಗ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ತರಬೇತಿಯ ಪುಸ್ತಕದ ಹಿಂದಿನ ರಟ್ಟಿನ ಮೇಲೆ ದೋಣಿ, ಮಾಲೀಕ, ಜನ ಎಂದು ಬರೆದೆ, ಒಂದರೊಳಗೆ ಒಂದು ಇಟ್ಟೆ, ಅಳಿಸಿದೆ, ಮತ್ತೆ ಬರೆದೆ. ಶಿರಾಲಿಯಲ್ಲಿ ಇಳಿಯಬೇಕಾದವಳು ಮುರ್ಡೇಶ್ವರದ ಕ್ರಾಸ್ ಬಂದಾಗ ತಲೆ ಎತ್ತಿದೆ.

ಮೊದಲನೆಯ ಕಡತ ಮಾಡಿ ಬ್ರೌಸರಿನಲ್ಲಿ ತೆರೆದಾಗ ಅದು ಮರದ ಹಾಗೆ ಬಿಚ್ಚಿಕೊಂಡಿತು. ಪ್ರತಿ ದೋಣಿಯ ಪಕ್ಕದಲ್ಲೂ ಒಂದು ಸಣ್ಣ ಕಳೆಯುವ ಚಿಹ್ನೆ. ಒತ್ತಿದರೆ ದೋಣಿ ಮಡಚಿಕೊಳ್ಳುತ್ತದೆ, ಮತ್ತೆ ಒತ್ತಿದರೆ ಒಳಗಿನ ಜನ, ಹೊರಟ ಹೊತ್ತು ಎಲ್ಲ ತೆರೆದುಕೊಳ್ಳುತ್ತದೆ. ನಾನು ಊಟಕ್ಕೆ ಏಳದೆ ಅದನ್ನೇ ಒತ್ತುತ್ತ ಕೂತಿದ್ದೆ.

ಶಾನಭಾಗ ಸಾಹೇಬರು ಅದನ್ನು ಅಚ್ಚು ಮಾಡಿಸಿ ತರಿಸಿಕೊಂಡರು. ಪರದೆಯ ಮೇಲೆ ಓದುವುದು ಅವರಿಗೆ ಆಗದು. ಪೆನ್ಸಿಲು ಹಿಡಿದು, ತೆರೆದ ಚಿಹ್ನೆಯಿಂದ ಮುಚ್ಚಿದ ಚಿಹ್ನೆಗೆ ಗೆರೆ ಎಳೆಯುತ್ತ ಪುಟ ಪುಟ ನೋಡಿದರು. ನಾಲ್ಕನೆಯ ಪುಟದಲ್ಲಿ ಕೆಂಪು ಪೆನ್ನು ತೆಗೆದು ಒಂದು ಸುತ್ತು ಹಾಕಿ, "ಈ ಮಾಲೀಕನನ್ನು ತೆರೆದಿ, ಮುಚ್ಚಲಿಲ್ಲ," ಎಂದರು. ನಿಜವಾಗಿಯೂ ಅಲ್ಲಿ ಓರೆಗೆರೆ ಬಿಟ್ಟುಹೋಗಿತ್ತು. ಅಚ್ಚಿಗೆ ಕೊಟ್ಟದ್ದು ಮೊದಲ ಕರಡು. ಬ್ರೌಸರು ಅದೇ ತಪ್ಪನ್ನು ಬೆಳಿಗ್ಗೆ ನನಗೆ ಸಾಲಿನ ಸಂಖ್ಯೆಯ ಸಮೇತ ಹೇಳಿತ್ತು. ಕಂಪ್ಯೂಟರ್ ಮುಟ್ಟದ ಮನುಷ್ಯ ಬರೀ ಕಣ್ಣಿನಿಂದ ಅದನ್ನು ಹಿಡಿದರು. ಮನುಷ್ಯರೂ ಯಂತ್ರವೂ ಒಂದೇ ಹಾಳೆಯನ್ನು ಓದಬಹುದು ಎಂಬುದು ನನಗೆ ಆ ದಿನ ಅರ್ಥವಾಯಿತು.

ಹಾಗೆಂದು ಎಲ್ಲ ಸರಾಗವಾಗಿ ಹೋಗಲಿಲ್ಲ. ಕಡತಗಳು ಈಮೇಲಿನಲ್ಲಿ ಬರತೊಡಗಿದ ಮೇಲೆ ಮೂರನ್ನೂ ಕೂಡಿಸಿ ಒಂದು ವೆಬ್ ಪುಟ ಮಾಡುವ ಪ್ರೋಗ್ರಾಮ್ ಬರೆದೆ. ಬಂದರಿನ ಕಚೇರಿಗಳು ಅದನ್ನು ತೆರೆದು, ಅಚ್ಚು ಹಾಕಿ ಬೋರ್ಡಿಗೆ ಅಂಟಿಸಬೇಕು. ಒಂದು ತಿಂಗಳು ಚೆನ್ನಾಗಿ ನಡೆಯಿತು. ಒಂದು ಬೆಳಿಗ್ಗೆ ಪುಟ ಪೂರ್ತಿ ಖಾಲಿ. ಮೂರೂ ಬಂದರಿನಿಂದ ಫೋನು. ನೋಡಿದರೆ ಯಾರೋ ಹೊಸ ದೋಣಿ ಕೊಂಡು, ಮಾಲೀಕರ ಜಾಗದಲ್ಲಿ 'ನಾಯ್ಕ & ಸನ್ಸ್' ಎಂದು ಹಾಕಿಸಿದ್ದರು. ನಡುವಿನ ಆ ಗಂಟಿನಂಥ ಚಿಹ್ನೆಗೆ ಎಕ್ಸ್‌ಎಂಎಲ್‌ನಲ್ಲಿ ಬೇರೆಯೇ ಅರ್ಥವಿದೆ. ಅದನ್ನು ಬಿಡಿಸಿ ಬರೆಯದಿದ್ದರೆ ಪ್ರೋಗ್ರಾಮ್ ಅಲ್ಲೇ ನಿಲ್ಲುತ್ತದೆ, ಒಂದು ಹೆಜ್ಜೆ ಮುಂದಿಡುವುದಿಲ್ಲ. ಹಿಂದಿನ ಪದ್ಧತಿಯಾಗಿದ್ದರೆ ತಪ್ಪನ್ನು ನುಂಗಿಕೊಂಡು ಸುಳ್ಳು ಪಟ್ಟಿ ಕೊಡುತ್ತಿತ್ತು. ಇದು ಸುಳ್ಳು ಹೇಳುವ ಬದಲು ಬಾಯಿ ಮುಚ್ಚಿಕೊಂಡಿತು. ಬೈಗುಳ ಕೇಳುತ್ತಲೇ ನನಗೆ ಅದರ ಮೇಲೆ ಪ್ರೀತಿ ಹೆಚ್ಚಾಯಿತು.

ಇನ್ನು ಕನ್ನಡದ ಕತೆ. ತದಡಿಯಿಂದ ಬರುವ ಕಡತ ಕನ್ನಡದಲ್ಲಿರುತ್ತಿತ್ತು, ಆದರೆ ನಮ್ಮಲ್ಲಿ ತೆರೆದರೆ ಇಂಗ್ಲಿಷಿನ ಅಕ್ಷರಗಳನ್ನು ಒರಳಿನಲ್ಲಿ ಹಾಕಿ ಕುಟ್ಟಿದ ಹಾಗೆ ಕಾಣುತ್ತಿತ್ತು. ಆಗಿನ ಫಾಂಟುಗಳು ಹಾಗೆ. ಒಳಗೆ ಇಂಗ್ಲಿಷಿನ ಅಕ್ಷರವನ್ನೇ ಇಟ್ಟುಕೊಂಡು ಮೇಲೆ ಕನ್ನಡದ ಮುಖವಾಡ ಹಾಕಿರುತ್ತಿದ್ದವು. ಆ ಫಾಂಟು ಇಲ್ಲದ ಕಡೆ ಮುಖವಾಡ ಕಳಚಿ ಬೀಳುತ್ತಿತ್ತು. ಎರಡು ಸಾವಿರದ ಇಸವಿ ಕಳೆದು ಕೆಲವು ವರ್ಷಕ್ಕೆ ಯುನಿಕೋಡ್ ಇರುವ ಹೊಸ ಕಂಪ್ಯೂಟರುಗಳು ಬಂದವು. ಕನ್ನಡದ ಪ್ರತಿ ಅಕ್ಷರಕ್ಕೂ ಅದರದೇ ಸಂಖ್ಯೆ, ಎಲ್ಲಿ ತೆರೆದರೂ ಕನ್ನಡವೇ. ಅದಕ್ಕಿಂತ ದೊಡ್ಡ ಸಂಗತಿ ನನಗೆ ಆಕಸ್ಮಿಕವಾಗಿ ಸಿಕ್ಕಿತು. ಒಂದು ಮಧ್ಯಾಹ್ನ ಹೆಸರುಗಳನ್ನು ಮಾತ್ರವಲ್ಲ, ಕೋನ ಚಿಹ್ನೆಯೊಳಗಿನ ಪದಗಳನ್ನೂ ಕನ್ನಡದಲ್ಲಿ ಬರೆದರೆ ಏನಾಗುತ್ತದೆ ಎಂದು ನೋಡೋಣವೆಂದು <ದೋಣಿ> ಎಂದು ಟೈಪ್ ಮಾಡಿದೆ, </ದೋಣಿ> ಎಂದು ಮುಚ್ಚಿದೆ. ಬ್ರೌಸರು ಒಂದು ಮಾತೂ ಆಡದೆ ತೆರೆಯಿತು. ನಾನು ಕುರ್ಚಿಯಿಂದ ಎದ್ದು ನಿಂತೆ. ಶಾನಭಾಗ ಸಾಹೇಬರು ಗಾಬರಿಯಾಗಿ ಏನಾಯಿತು ಎಂದು ಕೇಳಿದರು. "ಸಾಹೇಬ್ರೆ, ಇದಕ್ಕೆ ದೋಣಿ ಅಂದ್ರೆ ಗೊತ್ತಾತು," ಎಂದೆ.

ಅಂದಿನಿಂದ ಬಂದರಿನ ಗುಮಾಸ್ತರಿಗೆ ಕಡತ ಹೆದರಿಕೆಯ ವಸ್ತುವಾಗಿ ಉಳಿಯಲಿಲ್ಲ. ಜಿಲ್ಲೆಯ ಇಂಜಿನಿಯರ್ ಒಬ್ಬರು ಮಾತ್ರ ಸಿಟ್ಟಾದರು. ತಮ್ಮ ಪ್ರೋಗ್ರಾಮಿಗೆ ಇಂಗ್ಲಿಷಿನ ಹೆಸರುಗಳೇ ಬೇಕು, ಹಳ್ಳಿಯ ಪಟ್ಟಿ ಬೇಡ ಎಂದರು. ನಾನು ವಾದಿಸಲಿಲ್ಲ. ಎಕ್ಸ್‌ಎಂಎಲ್ ಕಡತವನ್ನು ಇನ್ನೊಂದು ರೂಪಕ್ಕೆ ತಿರುಗಿಸುವ ಶೈಲಿಹಾಳೆ ಎಂಬುದಿದೆ. ಒಂದು ಶೈಲಿಹಾಳೆ ನಮ್ಮ ಕಡತವನ್ನು ಅವರಿಗೆ ಬೇಕಾದ ಇಂಗ್ಲಿಷ್ ಹೆಸರುಗಳಿಗೆ ತಿರುಗಿಸಿತು, ಇನ್ನೊಂದು ವೆಬ್ ಪುಟ ಮಾಡಿತು, ಮತ್ತೊಂದು ಬೋರ್ಡಿಗೆ ಅಂಟಿಸಲು ದೊಡ್ಡ ಅಕ್ಷರದ ಹಾಳೆ ಮಾಡಿತು. ಬರೆಯುವುದು ಒಂದು ಸಲ, ಮುಖ ಮೂರು. ಈಗಿನ ಹುಡುಗಿಯರು ಇದನ್ನೆಲ್ಲ ಒಂದು ವಾರದಲ್ಲಿ ಕಲಿಯುತ್ತಾರೆ. ನನಗೆ ವರ್ಷಗಳು ಹಿಡಿದವು, ಆದರೆ ಪ್ರತಿಯೊಂದೂ ಹೊಸ ಊರಿಗೆ ಹೋದ ಹಾಗಿತ್ತು.

ಖುಷಿಯಲ್ಲಿದ್ದಾಗ ಮಾಡಿದ ತಪ್ಪೇ ದೊಡ್ಡದಾಗಿರುತ್ತದೆ. ನನ್ನದೂ ಹಾಗೇ ಆಯಿತು. ಒಂದು ದೋಣಿ ತನ್ನ ಬಂದರು ಬಿಟ್ಟು ಬೇರೆ ಬಂದರಿಗೆ ಬಂದರೆ ಅದನ್ನು ಗುರುತು ಹಿಡಿಯಬೇಕಲ್ಲ. ಪ್ರತಿ ದೋಣಿಗೂ ನೋಂದಣಿ ಸಂಖ್ಯೆ ಇರುತ್ತದೆ, ಆದರೆ ತದಡಿಯ ಗುಮಾಸ್ತ ಅದನ್ನು ಬರೆಯುವುದು ನೆನಪಾದರೆ ಮಾತ್ರ. ಜಗಳ ಯಾಕೆ ಎಂದು ನಾನು ದೋಣಿಯ ಹೆಸರು, ಮಾಲೀಕರ ಹೆಸರು ಎರಡೂ ಹೊಂದಿದರೆ ಅದೇ ದೋಣಿ ಎಂದು ಪ್ರೋಗ್ರಾಮಿಗೆ ಹೇಳಿಬಿಟ್ಟೆ. ಎರಡು ವರ್ಷ ಅದು ಒಂದೂ ತಪ್ಪು ಮಾಡಲಿಲ್ಲ.

ಆ ವರ್ಷ ನವರಾತ್ರಿ ಮುಗಿದ ವಾರ, ಬೆಳಿಗ್ಗೆ ಹತ್ತರ ಸುಮಾರಿಗೆ ಹವಾಮಾನದ ಎಚ್ಚರಿಕೆ ಬಂತು. ಸಂಜೆಯೊಳಗೆ ಗಾಳಿ ಏಳುತ್ತದೆ, ದೋಣಿಗಳೆಲ್ಲ ದಡ ಸೇರಬೇಕು. ಕಾಸರಕೋಡಿನ ಬಂದರಿನ ಕೋಣೆಯಲ್ಲಿ ವೈರ್‌ಲೆಸ್ ಇತ್ತು. ಅಲ್ಲಿ ಕೂರುವವನು ಗಜಾನನ, ಮೊದಲು ಹದಿನೈದು ವರ್ಷ ದೋಣಿಯಲ್ಲಿ ದುಡಿದು ಬೆನ್ನು ನೋವಿಗೆ ಕಡಲು ಬಿಟ್ಟವನು. ಅಂವ ಒಂದೇ ಸಮನೆ ಕೂಗಿ ಎಲ್ಲ ದೋಣಿಗಳಿಗೂ ಸುದ್ದಿ ಮುಟ್ಟಿಸಿದ. ಮೂರೂ ಬಂದರಿನಿಂದ ಅರ್ಧ ಗಂಟೆಗೊಮ್ಮೆ ಕಡತ ಬರತೊಡಗಿತು. ನಾನು ಕೂಡಿಸುತ್ತ ಹೋದೆ, ಪುಟ ಬದಲಾಗುತ್ತ ಹೋಯಿತು. ಶಾನಭಾಗ ಸಾಹೇಬರು ತಮ್ಮ ಕುರ್ಚಿಯನ್ನು ನನ್ನ ಪಕ್ಕಕ್ಕೆ ಎಳೆದುಕೊಂಡು ಬಂದು, ಮೊದಲ ಸಲ ಪರದೆಯನ್ನೇ ನೋಡುತ್ತ ಕೂತರು. ಮೂರು ಗಂಟೆಗೆ ಕೊನೆಯ ಸಾಲೂ 'ಬಂದಿದೆ' ಎಂದು ಬದಲಾಯಿತು. ಕೆಳಗೆ, ಹೊರಗಿರುವ ದೋಣಿ ಒಂದೂ ಇಲ್ಲ ಎಂದು ಬಂತು. ಸಾಹೇಬರು ಜಿಲ್ಲಾ ಕಚೇರಿಗೆ ಫೋನ್ ಮಾಡಿ, ಮೂರು ತಾಲ್ಲೂಕಿನ ದೋಣಿಗಳೆಲ್ಲ ಕ್ಷೇಮ ಎಂದು ತಿಳಿಸಿದರು. ಕೆಳಗಿನ ಹೋಟೆಲಿನಿಂದ ಚಹಾ, ಬನ್ಸ್ ತರಿಸಿದರು. ಆ ಇಪ್ಪತ್ತು ನಿಮಿಷ ನನ್ನಷ್ಟು ಹೆಮ್ಮೆಯ ಹೆಂಗಸು ಕರಾವಳಿಯಲ್ಲೇ ಇರಲಿಲ್ಲ.

ಆಗ ತದಡಿಯ ಬಂದರು ಕಚೇರಿಯಿಂದ ಫೋನು ಬಂತು. ಮಾತಾಡಿದ್ದು ಗುಮಾಸ್ತನಲ್ಲ, ನಾಗವೇಣಿ ಎಂಬ ಹೆಂಗಸು. ಅಲ್ಲಿಯವರೆಗೆ ನಾನು ಅವಳನ್ನು ನೋಡಿದವಳಲ್ಲ. ಅವಳ ಗಂಡ ಗಣಪತಿ ಹರಿಕಂತ್ರ, 'ಮಹಾಸತಿ' ಎಂಬ ದೋಣಿಯ ಮಾಲೀಕ, ಐದು ಜನರ ಜೊತೆ ತಾನೂ ಹೋಗಿದ್ದ.

"ಅಕ್ಕೋರೆ, ಬೋರ್ಡಿನ ಮೇಲೆ ನಮ್ಮ ದೋಣಿ ಬಂದದೆ ಅಂತ ಬರ್ದಾರೆ. ಇಲ್ಲಿ ಬರ್ಲಿಲ್ಲ. ಎಲ್ಲಿ ಬಂದದೆ ಹೇಳಿ, ನಾನು ಅಲ್ಲಿಗೇ ಹೋಗ್ತೆ."

ಕಾಸರಕೋಡಿಗೆ ಬಂದಿದೆ, ಮಧ್ಯಾಹ್ನವೇ ಬಂದಿದೆ, ನೀವು ಹೆದರಬೇಡಿ ಎಂದು ನಾನು ಸಮಾಧಾನ ಹೇಳಿದೆ. ಅವಳು ಒಪ್ಪಲಿಲ್ಲ.

"ನೀವು ಹೆಸರು ನೋಡಿ ಹೇಳ್ತ್ರಿ. ಯಾರಾದ್ರೂ ದೋಣಿ ನೋಡಿ ಹೇಳ್ಲಿ."

ನಾನು ಗಜಾನನನಿಗೆ ಫೋನ್ ಹಚ್ಚಿ, ಅಲ್ಲಿರುವ ಮಹಾಸತಿ ತದಡಿಯದೋ ನೋಡು ಎಂದೆ. ಅಂವ ಹೊರಗೆ ಹೋಗಿ ಬಂದ. "ಇದು ತೆಂಗಿನಗುಂಡಿದು ಅಕ್ಕೋರೆ. ಮಾಲೀಕನೂ ಇಲ್ಲೇ ಅಂವ್ನೆ, ಗಣಪತಿ ಅಂತ, ಅಂವ್ನೂ ಹರಿಕಂತ್ರನೇ."

ಕೈಯಲ್ಲಿದ್ದ ಲೋಟ ಕೆಳಗಿಟ್ಟೆ. ಎರಡು ಮಹಾಸತಿ, ಇಬ್ಬರು ಗಣಪತಿ. ನನ್ನ ಪ್ರೋಗ್ರಾಮು ಎರಡನ್ನೂ ಒಂದು ಮಾಡಿ, ಒಂದು ಬಂದದ್ದಕ್ಕೆ ಎರಡಕ್ಕೂ 'ಬಂದಿದೆ' ಎಂದು ಬರೆದಿತ್ತು. ಆರು ಜನ ಕಡಲಿನಲ್ಲಿದ್ದರು, ಅವರನ್ನು ಹುಡುಕಬೇಕಾದವರೆಲ್ಲ ನನ್ನ ಪುಟ ನೋಡಿ ಮನೆಗೆ ಹೊರಟಿದ್ದರು.

ತದಡಿಯ ಮಹಾಸತಿಯ ಸುದ್ದಿ ಏನಾದರೂ ವೈರ್‌ಲೆಸ್ಸಿನಲ್ಲಿ ಬಂತೇ ಎಂದು ಗಜಾನನನನ್ನು ಕೇಳಿದೆ. ಬೆಳಿಗ್ಗೆ ಅವರು ಏನೋ ಹೇಳಿದ್ದರು, ಆಗ ಒಟ್ಟಿಗೇ ಹತ್ತಾರು ದೋಣಿಯವರು ಮಾತಾಡುತ್ತಿದ್ದರು, ಕೇಳಿದ ಹಾಗೆಯೇ ಟೈಪ್ ಮಾಡುತ್ತ ಹೋದೆ, ಈಗ ಸರಿಯಾಗಿ ನೆನಪಿಲ್ಲ ಎಂದ. ಆಮೇಲೆ ಪುಟದಲ್ಲಿ 'ಬಂದಿದೆ' ಎಂದು ನೋಡಿ ಆ ಮಾತನ್ನು ಬಿಟ್ಟೇಬಿಟ್ಟೆ ಎಂದೂ ಹೇಳಿದ.

"ಎಲ್ಲಿ ಟೈಪ್ ಮಾಡ್ದೆ?"

"ನಿಮ್ಮ ಫೈಲಲ್ಲೇ."

"ಅದ್ರಲ್ಲಿ ಮಾತು ಬರಿಯೂಕೆ ಜಾಗ ಎಲ್ಲದೆ?"

"ಇರ್ಲಿಲ್ಲ. ನಾನೇ ಒಂದ್ ಮಾಡ್ಕಂಡೆ."

ನಾನು ಕಾಸರಕೋಡಿನಿಂದ ಬೆಳಿಗ್ಗೆ ಬಂದಿದ್ದ ಮೂಲ ಕಡತವನ್ನು ತೆರೆದೆ. ನನ್ನ <ದೋಣಿ>, <ಮಾಲೀಕ>, <ಜನ> ಇವುಗಳ ನಡುವೆ ಅಲ್ಲಲ್ಲಿ ನಾನು ಬರೆಯದ ಒಂದು ಪದ ಇತ್ತು, <ಮಾತು>. ದೋಣಿಯವರು ಹೇಳಿದ್ದನ್ನು ಗಜಾನನ ಅದರೊಳಗೆ ಹಾಕಿ ಸರಿಯಾಗಿ ಮುಚ್ಚಿದ್ದ. ನನ್ನ ಪ್ರೋಗ್ರಾಮಿಗೆ ಆ ಪದ ಗೊತ್ತಿಲ್ಲದ್ದರಿಂದ ಅದನ್ನು ದಾಟಿಕೊಂಡು ಹೋಗುತ್ತಿತ್ತು, ಆದರೆ ಅಳಿಸಿರಲಿಲ್ಲ. ಹಳೆಯ ಅಲ್ಪವಿರಾಮದ ಪಟ್ಟಿಯಲ್ಲಿ ಹೀಗೊಂದು ಪದ ಸೇರಿಸಿದ್ದರೆ ಸಾಲೆಲ್ಲ ಅಸ್ತವ್ಯಸ್ತವಾಗುತ್ತಿತ್ತು. ಇಲ್ಲಿ ಅದು ಯಾರಿಗೂ ತೊಂದರೆ ಕೊಡದೆ ತನ್ನ ಜಾಗದಲ್ಲಿ ಕೂತಿತ್ತು. ನಾನು ಓದಿದೆ. 'ತದಡಿ ಮಹಾಸತಿ. ಇಂಜಿನ್ ಹಿಡಿಯುವುದಿಲ್ಲ. ದುರ್ಗದ ಮರೆಯಲ್ಲಿ ಲಂಗರು ಹಾಕಿದ್ದಾರೆ. ರಿಪೇರಿ ಆದ ಕೂಡಲೇ ಬರುತ್ತಾರಂತೆ. ಹತ್ತೂವರೆ.'

ದುರ್ಗ ಎಂದರೆ ಹೊನ್ನಾವರದ ಎದುರು ಕಡಲಿನಲ್ಲಿರುವ ಬಸವರಾಜ ದುರ್ಗದ ನಡುಗಡ್ಡೆ. ಗಾಳಿ ಏಳುವವರೆಗೆ ಅದರ ಮರೆ ಸಾಕು, ಎದ್ದ ಮೇಲೆ ಲಂಗರು ಹಿಡಿಯುವುದಿಲ್ಲ, ದೋಣಿ ಬಂಡೆಗೆ ಹೋಗಿ ಬಡಿಯುತ್ತದೆ.

ಶಾನಭಾಗ ಸಾಹೇಬರು ಅದನ್ನು ನನ್ನ ಭುಜದ ಮೇಲಿನಿಂದ ಓದಿದರು. ಕೂಡಲೇ ಜಿಲ್ಲಾ ಕಚೇರಿಗೆ ಮತ್ತೆ ಫೋನ್ ಮಾಡಿದರು. "ಅರ್ಧ ಗಂಟೆಯ ಹಿಂದೆ ನಾನು ಹೇಳಿದ್ದು ತಪ್ಪು. ಒಂದು ದೋಣಿ ಹೊರಗಿದೆ. ತಪ್ಪು ನಮ್ಮ ಕಚೇರಿಯದು," ಎಂದರು. ನನ್ನ ಹೆಸರು ಹೇಳಲಿಲ್ಲ. ಅತ್ತ ಕಡೆಯವರು ಬಹಳ ಹೊತ್ತು ಕೂಗಾಡಿದ್ದು ನನಗೂ ಕೇಳುತ್ತಿತ್ತು. ಸಾಹೇಬರು ಹೌದು, ಹೌದು ಎನ್ನುತ್ತ ಕೇಳಿಸಿಕೊಂಡು, ಸಹಾಯಕ್ಕೆ ಯಾರನ್ನು ಕಳಿಸುತ್ತೀರಿ ಎಂದು ಕೇಳಿದರು. ಕಾರವಾರದಿಂದ ಬರಲು ಎರಡು ಗಂಟೆ ಬೇಕು ಎಂದು ಉತ್ತರ ಬಂತು.

ನಾವಿಬ್ಬರೂ ರಿಕ್ಷಾ ಹಿಡಿದು ಸೇತುವೆ ದಾಟಿ ಕಾಸರಕೋಡಿಗೆ ಹೋದೆವು. ಅಷ್ಟರೊಳಗೆ ಗಜಾನನ ತೆಂಗಿನಗುಂಡಿಯ ಗಣಪತಿಗೆ ಎಲ್ಲವನ್ನೂ ಹೇಳಿದ್ದ. ಗಣಪತಿ ಐವತ್ತರ ಆಸುಪಾಸಿನ ಒಣಕಲು ಮನುಷ್ಯ. ಹಗ್ಗದ ಸುರುಳಿಯನ್ನು ದೋಣಿಗೆ ಎಸೆಯುತ್ತಿದ್ದ. ಅಳಿವೆಯಲ್ಲಿ, ಹೊಳೆ ಕಡಲಿಗೆ ಸೇರುವಲ್ಲಿ, ಆಗಲೇ ಬಿಳಿ ನೊರೆ ಏಳುತ್ತಿತ್ತು. ಗಾಳಿಗೆ ಮುಂಚೆ ಮರಳಲು ಆಗದಿದ್ದರೆ ಏನು ಮಾಡುತ್ತೀರಿ ಎಂದು ಸಾಹೇಬರು ಕೇಳಿದರು. ಅಂವ ನಮ್ಮ ಕಡೆ ತಿರುಗಿ, "ಅಂವ್ನ ಹೆಸರಿಗೆ ನಾನು ಬಂದು ಕೂತೆ. ಈಗ ಅಂವ್ನ ಕರ್ಕಂಡು ಬರೂದು ನನ್ನ ಕೆಲ್ಸ," ಎಂದು ಇಂಜಿನ್ ಹಾಕಿಸಿದ. ನಾಲ್ಕು ಜನ ಅವನ ಜೊತೆ ಹತ್ತಿದರು.

ಎರಡು ಗಂಟೆಗಿಂತ ಹೆಚ್ಚು ನಾನು ದೋಣಿ ಕಟ್ಟುವ ಆ ಧಕ್ಕೆಯ ಮೇಲೆ ನಿಂತಿದ್ದೆ. ಗಜಾನನ ವೈರ್‌ಲೆಸ್ಸಿನಲ್ಲಿ ತದಡಿ ಮಹಾಸತಿಯನ್ನು ಕರೆಯುತ್ತಲೇ ಇದ್ದ. ಉತ್ತರ ಬರಲಿಲ್ಲ, ಅವರ ಬ್ಯಾಟರಿ ಮುಗಿದಿತ್ತೆಂದು ಆಮೇಲೆ ಗೊತ್ತಾಯಿತು. ನಾನು ಕಡಲನ್ನು ದಿನಾ ಬಸ್ಸಿನ ಕಿಟಕಿಯಿಂದ ನೋಡಿದವಳು, ಪಟ್ಟಿಯಲ್ಲಿ ಸಾವಿರ ಸಲ ಅದರ ಮೇಲೆ ದೋಣಿ ಕಳಿಸಿದವಳು. ಅದು ಎಷ್ಟು ದೊಡ್ಡದು ಎಂದು ಆ ದಿನ ಕಂಡೆ. ಐದೂವರೆಗೆ ಗಜಾನನ ಕೋಣೆಯಿಂದ ಓಡಿ ಬಂದು, ತೆಂಗಿನಗುಂಡಿಯ ಗಣಪತಿ ಹಗ್ಗ ಕಟ್ಟಿ ಎಳೆದು ತರುತ್ತಿದ್ದಾನೆ, ಎಲ್ಲರೂ ಇದ್ದಾರೆ ಎಂದ. ದೀಪ ಹಚ್ಚುವ ಹೊತ್ತಿಗೆ ಎರಡು ಮಹಾಸತಿಗಳೂ ಒಂದರ ಹಿಂದೊಂದು ಅಳಿವೆ ದಾಟಿದವು. ಹಿಂದಿನದು ಒಂದು ಸಲ ಪೂರ್ತಿ ವಾಲಿತು. ಆಮೇಲೆ ಅದು ಎದ್ದು ನೇರವಾಯಿತು. ಆರು ಜನರನ್ನು ನಾನು ಬೆರಳು ಮಡಚಿ ಎಣಿಸಿದೆ. ತದಡಿಗೆ ಫೋನ್ ಮಾಡಿ ನಾಗವೇಣಿಗೆ, ನಾನೇ ನೋಡಿದೆ ಎಂದೆ. ಅವಳು ಅತ್ತಳು, ನಾನೂ ಅತ್ತೆ.

ಮರುದಿನ ರಾಜೀನಾಮೆ ಬರೆದುಕೊಂಡು ಹೋದೆ. ಶಾನಭಾಗ ಸಾಹೇಬರು ಅದನ್ನು ಓದಿ, ಕೆಂಪು ಪೆನ್ನಿನಿಂದ ಎರಡು ಕಾಗುಣಿತದ ತಪ್ಪು ತಿದ್ದಿ ನನಗೇ ಮರಳಿಸಿದರು. ಮೊದಲು ಪ್ರೋಗ್ರಾಮು ಸರಿಮಾಡು, ಆಮೇಲೆ ಇದನ್ನು ಚೊಕ್ಕ ಬರೆದು ತಾ ಎಂದರು. ಪ್ರೋಗ್ರಾಮು ಸರಿಮಾಡಲು ಒಂದು ತಿಂಗಳು ಹಿಡಿಯಿತು. ನೋಂದಣಿ ಸಂಖ್ಯೆ ಇಲ್ಲದ ಕಡತವನ್ನು ತೆಗೆದುಕೊಳ್ಳಲೇಬಾರದು ಎಂಬ ನಿಯಮದ ಹಾಳೆಯನ್ನು ಬರೆದೆ. ಕಡತ ಬಂದ ಕೂಡಲೇ ಕಂಪ್ಯೂಟರೇ ಅದರ ಜೊತೆ ಹೊಂದಿಸಿ ನೋಡಿ, ಕೊರತೆಯಿದ್ದರೆ ಮರಳಿ ಕಳಿಸುತ್ತಿತ್ತು. ತದಡಿಯ ಗುಮಾಸ್ತ ಮೂರು ದಿನ ಬೈದ, ನಾಲ್ಕನೆಯ ದಿನ ಬರೆದ. ಗಜಾನನನ <ಮಾತು> ಎಲ್ಲ ಬಂದರಿಗೂ ಹೋಯಿತು. ಅದನ್ನು ನಾನು ಅಂವನ ಹೆಸರು ಹೇಳಿಯೇ ಎಲ್ಲರಿಗೂ ಕಲಿಸಿದೆ.

ಇನ್ನೊಂದು ಪದ ಸೇರಿಸಿದ್ದು ನಾಗವೇಣಿ. ಅವಳು ಒಂದು ದಿನ ತದಡಿಯಿಂದ ಬಸ್ಸಿನಲ್ಲಿ ನನ್ನನ್ನು ನೋಡಲೆಂದೇ ಬಂದಳು. ಏಳನೆಯ ಇಯತ್ತೆಯವರೆಗೆ ಓದಿದವಳು. ಪರದೆಯ ಮೇಲೆ ಕಡತ ತೆರೆದು ತೋರಿಸಿದೆ, ತನ್ನ ಗಂಡನ ಹೆಸರನ್ನು ಬೆರಳಿಟ್ಟು ಓದಿದಳು. ಆಮೇಲೆ 'ಬಂದಿದೆ' ಎಂಬಲ್ಲಿಗೆ ಬೆರಳು ತಂದು ನಿಲ್ಲಿಸಿದಳು.

"ಇದು ಯಾರು ಹೇಳೂದು?"

ಬಂದರಿನಿಂದ ಬಂದ ಸುದ್ದಿಯಿಂದ ಕಂಪ್ಯೂಟರು ಬರೆಯುತ್ತದೆ ಎಂದೆ.

"ನೋಡ್ದವ್ರ ಹೆಸರು ಎಲ್ಲದೆ?"

ಅವಳು ಕೂತಿರುವಾಗಲೇ ನಾನು <ಕಂಡವರು> ಎಂದು ಟೈಪ್ ಮಾಡಿದೆ. ಧಕ್ಕೆಯ ಮೇಲೆ ನಿಂತು ಕಣ್ಣಾರೆ ಕಂಡವರ ಹೆಸರು ಇಲ್ಲದೆ ಯಾವ ದೋಣಿಯೂ ಬಂದ ಹಾಗಲ್ಲ ಎಂದು ನಿಯಮದ ಹಾಳೆಗೆ ಸೇರಿಸಿದೆ. ಜಿಲ್ಲೆಯ ಇಂಜಿನಿಯರು ಇದು ಅನಗತ್ಯ ಎಂದು ಎರಡು ಸಲ ಪತ್ರ ಬರೆದರು. ಸಾಹೇಬರು ಎರಡಕ್ಕೂ ಉತ್ತರ ಬರೆದರು, ನನಗೆ ತೋರಿಸಲಿಲ್ಲ, ಪದ ಮಾತ್ರ ಉಳಿಯಿತು. ತದಡಿಯಲ್ಲಿ ಆ ಕೆಲಸಕ್ಕೆ ಒಕ್ಕೂಟ ನಾಗವೇಣಿಯನ್ನೇ ನೇಮಿಸಿತು. ಅವಳು ಕಡತ ಬರೆಯುವುದನ್ನೂ ಕಲಿತಳು, ನಾನು ಒಂದು ಸಲ ಹೇಳಿದ್ದನ್ನು ಎರಡನೆಯ ಸಲ ಕೇಳಲಿಲ್ಲ.

ಎರಡು ಸಾವಿರದ ಮೊದಲ ದಶಕ ಮುಗಿಯುವಾಗ ನಾನು ನಿವೃತ್ತಳಾದೆ. ಕೊನೆಯ ದಿನ ಕಚೇರಿಯಲ್ಲಿ ಹಾರ, ಭಾಷಣ ಎಲ್ಲ ಮಧ್ಯಾಹ್ನವೇ ಮುಗಿದಿತ್ತು. ಸಂಜೆಯ ಪುಟ ಮಾಡಿಯೇ ಹೋಗುತ್ತೇನೆ ಎಂದು ಕೂತೆ. ತೆಂಗಿನಗುಂಡಿಯದು ಬಂತು, ಕಾಸರಕೋಡಿನದು ಬಂತು. ತದಡಿಯ ಕಡತವನ್ನು ಕಂಪ್ಯೂಟರು ಮರಳಿಸಿತು. ನೋಡಿದರೆ ಕೊನೆಯ ದೋಣಿಯ ಮುಂದೆ <ಕಂಡವರು> ಖಾಲಿ. ನಾಗವೇಣಿ ಹಾಗೆ ಎಂದೂ ಕಳಿಸಿದವಳಲ್ಲ. ಫೋನ್ ಹಚ್ಚಿದೆ.

"ಕಳ್ಸಬಾರ್ದಾಗಿತ್ತು ಅಕ್ಕೋರೆ, ಇವತ್ತು ನಿಮ್ಗೆ ಬೇಗ ಹೋಗೂಕದೆ ಅಂತ ಕಳ್ಸಿದೆ. ದೋಣಿ ಕಾಣ್ತದೆ, ಹೆಸರು ಕಾಣೂದಿಲ್ಲ. ಹತ್ರ ಬರ್ಲಿ."

ನನಗೆ ಏನೂ ಅವಸರವಿಲ್ಲ ಎಂದೆ. ಅವಳು ಫೋನನ್ನು ಮೇಜಿನ ಮೇಲಿಟ್ಟು ಹೊರಗೆ ಹೋದಳು. ನಾನು ರಿಸೀವರ್ ಕಿವಿಗೆ ಹಿಡಿದುಕೊಂಡೇ ಕೂತೆ. ದೂರದಿಂದ ಒಂದು ಇಂಜಿನ್ನಿನ ಸದ್ದು ಬರುತ್ತಿತ್ತು, ನಿಧಾನವಾಗಿ ದೊಡ್ಡದಾಯಿತು, ಆಮೇಲೆ ನಿಂತಿತು. ಯಾರೋ ಯಾರನ್ನೋ ಕರೆದರು, ಹಗ್ಗ ಬಿದ್ದ ಸದ್ದಾಯಿತು. ಅವಳ ಚಪ್ಪಲಿಯ ಸಪ್ಪಳ ಹತ್ತಿರ ಬಂತು.

"ಆತು," ಎಂದಳು. "ಆರು ಜನ. ನಾನು ಕಂಡೆ, ನನ್ನ ಹೆಸರು ಬರೀರಿ."